ಐಬು

ಫೆಬ್ರವರಿ. ಥಂಡರ್ ಬೇ. ಕರ್ಲಿಂಗ್ ಕ್ಲಬ್ಬಿನ ಮಹಡಿಯಲ್ಲಿ
ನಲವತ್ತು ಮೇಜು, ನಲವತ್ತು ಹಸಿರು ಬಟ್ಟೆ.
ಕೆಳಗೆ ಮಂಜುಗಡ್ಡೆಯ ಮೇಲೆ ಕಲ್ಲು ಜಾರುವ ಗುಡುಗು,
ಹೊರಗೆ ಸರೋವರ, ಲಾರಿ ಓಡಿಸುವಷ್ಟು ಗಟ್ಟಿ.
ಹದಿನಾರನೆಯ ಮೇಜು ನನ್ನದು. ರೇಯ್ನೊ ಹಕಾಲಾ.
ಹಾಕಿ ಕಾರ್ಡು, ಹಳೆಯವು, ನಗದು ಮಾತ್ರ.

ಮೂವತ್ತೊಂದು ವರ್ಷ ಮುಖ ನೋಡಿ ಮಣೆ ಹಾಕಿದವನು.
ಮುಖವೂ ಅಲ್ಲ, ಕೈ.
ಬೇಡದ ಕಾರ್ಡನ್ನು ಕೈ ಸಾವಕಾಶವಾಗಿ ತಿರುಗಿಸಿ ನೋಡುತ್ತದೆ,
ಬೇಕಾದ್ದನ್ನು ಥಟ್ಟನೆ ಇಟ್ಟುಬಿಡುತ್ತದೆ, ಸುಟ್ಟವರ ಹಾಗೆ.
ಆಮೇಲೆ ಬಾಯಿ ಬೇರೆ ಏನನ್ನೋ ಕೇಳುತ್ತದೆ:
ಇದೆಷ್ಟು? ಅದೆಷ್ಟು? ಎಲ್ಲ ಸೇರಿಸಿದರೆ?
ಬಾಯಿ ಬಿಟ್ಟರೆ ಬಣ್ಣಗೇಡೆಂದು
ಕೊಳ್ಳುವವನಿಗೂ ಗೊತ್ತು, ನನಗೂ ಗೊತ್ತು,
ನನಗೆ ಗೊತ್ತೆಂದು ಅವನಿಗೂ ಗೊತ್ತು.
ಹೀಗೆ ನಡೆಯುತ್ತದೆ ನಮ್ಮ ಹೊಟ್ಟೆಪಾಡು.

ಆಕೆ ಬಂದದ್ದು ಮೂರು ಗಂಟೆಗೆ. ಕಾಫಿ ಆರಿತ್ತು.
ಅರವತ್ತರ ಹತ್ತಿರ, ಸಿಟಿ ಬಸ್ಸು ಓಡಿಸುವವರ ಕೋಟು.
ಡಾಲರ್ ಡಬ್ಬಿಯಲ್ಲಿ ಬೆರಳು ನಡೆಸುತ್ತ, ನಡೆಸುತ್ತ,
ಒಂದೆಡೆ ನಿಂತಳು. ದಾಟಿದಳು.
ಐದು ಕಾರ್ಡು ಆರಿಸಿ, ಹಿಂದಕ್ಕೆ ಬಂದು,
ಅದನ್ನು ಆ ಐದರ ನಡುವೆ ತೂರಿಸಿದಳು,
ಜೊತೆಗೆ ಬಂದವನು ಅನ್ನುವ ಹಾಗೆ.

ಆಂಬ್ರೋಸ್ ಕೊಜಾಕ್, ಗೋಲ್‌ಕೀಪರ್, ಎಪ್ಪತ್ತಮೂರು.
ಹನ್ನೊಂದು ಪಂದ್ಯ. ಆಮೇಲೆ ಅವನನ್ನು ಯಾರೂ ಅಚ್ಚು ಹಾಕಲಿಲ್ಲ.
ಬೆಲೆ ಒಂದು ಡಾಲರು, ಅದೂ ನಾನು ನಗುತ್ತ ಕೇಳಿದರೆ.
"ಇವು ಐದಕ್ಕೆ ಐದು," ಅಂದೆ. "ಇದು ಹನ್ನೆರಡು."
ಕಡ್ಡಿ ಮುರಿದ ಹಾಗೆ.

"ಹನ್ನೆರಡೇ? ಮೂಲೆ ಸವೆದಿದೆ."
ಹತ್ತು.
"ಚಿತ್ರ ಎಡಕ್ಕೆ ವಾಲಿದೆ."
ಒಂಬತ್ತು.
"ಎಡಗೈ ನಿಧಾನ ಇವನದು. ಒಂದೇ ರಾತ್ರಿ ಏಳು ಗೋಲು ಬಿಟ್ಟ."
ದಾಖಲೆಯಲ್ಲಿದೆ. ಎಂಟು.
"ಮೊಣಕಾಲು ಹೋಗಿತ್ತು. ಯಾರಿಗೂ ಹೇಳಲಿಲ್ಲ."
ದಾಖಲೆಯಲ್ಲಿಲ್ಲ.
"ಆಮೇಲೆ ಕಾಗದದ ಗಿರಣಿ, ರಾತ್ರಿಪಾಳಿ.
ಬೆಳಿಗ್ಗೆ ಬೂಟು ಬಿಚ್ಚದೆ ಅಡುಗೆಮನೆಯ ನೆಲದಲ್ಲೇ ನಿದ್ದೆ."
ಏಳು.
"ಯಾರಾದರೂ ಚೆಂಡು ಎಸೆದರೆ ಕೈ ಚಾಚುತ್ತಿರಲಿಲ್ಲ,
ಎದೆಗೆ ಬಡಿದು ಬೀಳಲು ಬಿಡುತ್ತಿದ್ದ.
ಮಕ್ಕಳು ಎಸೆದರೂ."
ಆರು, ಅಂದೆ. ಐದು, ಅಂದೆ. ಕೇಳಿಸಿಕೊಳ್ಳಲಿಲ್ಲ.
"ಇಲ್ಲಿ ನಗುತ್ತಿದ್ದಾನಲ್ಲ, ಸುಳ್ಳು.
ಫೋಟೋದವನು ಹೇಳಿದ್ದಕ್ಕೆ ನಕ್ಕದ್ದು.
ಮುಂದಿನ ಹಲ್ಲು ಕಟ್ಟಿಸಿದ್ದು. ಸಾಲ ಮಾಡಿ."

ಮಾಲಿಗೆ ಐಬು ಹೇಳದೆ ಬೆಲೆ ಇಳಿಯದು,
ಈ ಸಂತೆಯ ಮೊದಲ ಪಾಠ.
ಇಷ್ಟೊಂದು ಐಬು ಯಾವ ಬೆಲೆಪಟ್ಟಿಯಲ್ಲೂ ಇಲ್ಲ.
ಕಾರ್ಡಿನ ಹುಬ್ಬು ನೋಡಿದೆ. ಅವಳ ಹುಬ್ಬು ನೋಡಿದೆ.
ಮುಂದಿನ ಅಂಕಿ ಹೇಳಲು ಬಾಯಿ ತೆರೆದೆ,
ಬರಲಿಲ್ಲ.

"ಮೂರು," ಅಂದಳು ತಾನೇ.
"ಒಂದಕ್ಕೇ ಕೊಡುತ್ತೇನೆ, ತಗೊಳ್ಳಿ."
ಅದು ತಪ್ಪಾಯಿತು. ಮುಖ ಬಿಗಿಯಿತು.
"ಮೂರು ಅಂದೆನಲ್ಲ."

ಎಂಟು ಡಾಲರು, ಚಿಲ್ಲರೆಯಲ್ಲಿ, ಎಣಿಸಿ ಇಟ್ಟಳು.
ಪ್ಲಾಸ್ಟಿಕ್ ಕವಚ ಚಾಚಿದೆ, ಬೇಡವೆಂದಳು.
ಕೋಟಿನ ಒಳಜೇಬಿಗೆ ಹಾಗೆಯೇ ಇಳಿಸಿ,
ಮೂಲೆ ಇನ್ನೂ ಸವೆಯುತ್ತದೆಂದು ನಾನು ಹೇಳುವ ಮೊದಲೇ
ಮೆಟ್ಟಿಲಿಳಿದಳು.

ಉಳಿದ ಐದು ಮೇಜಿನ ಮೇಲೇ ಇದ್ದವು.
ಕೂಗಿದೆ. ಕೆಳಗೆ ಕಲ್ಲಿಗೆ ಕಲ್ಲು ಬಡಿದ ಸದ್ದು,
ಕೇಳಿಸಲಿಲ್ಲವೋ ಏನೋ.
ಬಂದರೆ ಕೊಡೋಣವೆಂದು ಲಕೋಟೆಗೆ ಹಾಕಿಟ್ಟೆ.
ಮರುವರ್ಷ ಬರಲಿಲ್ಲ, ಅದರ ಮರುವರ್ಷವೂ.
ಡಬ್ಬಿಗೆ ವಾಪಸು ಹಾಕಿದೆ. ವ್ಯಾಪಾರ ವ್ಯಾಪಾರವೇ.
ಎರಡು ಹೋದವು.
ಮೂರು ಉಳಿದಿವೆ, ಡಾಲರಿಗೊಂದು.
ಮೂರೂ ತಗೊಂಡರೆ ಎರಡಕ್ಕೆ.